ಮೆಣಸಿನಕಾಯಿ ಪೇಟೆ, ಒಂದೇ ಲಾಗಿನ್, ನಾಲ್ಕು ಮಂದಿ: ಓಟಿಪಿ ಯಾರ ಫೋನಿಗೆ ಬರಬೇಕು?

ಕಡ್ಡಿಕಾಯಿ_ಬ್ಯಾಡಗಿ

ಎಲ್ಲರಿಗೂ ನಮಸ್ಕಾರ. ನಮ್ಮದು ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ಖರೀದಿ ವ್ಯಾಪಾರ. ಅಪ್ಪ, ಕಾಕಾ ಸೇರಿ ನಡೆಸುತ್ತಾರೆ. ಬಿಕಾಂ ಮುಗಿದ ಮೇಲೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲೆಲ್ಲ ಫೋನಿನಲ್ಲೇ ವ್ಯಾಪಾರ ಮುಗಿಯುತ್ತಿತ್ತು. ಈಗ ಹೊರರಾಜ್ಯದ ಮಸಾಲೆ ಕಂಪನಿಯವರು ವ್ಯಾಪಾರದ ವೆಬ್‌ಸೈಟ್‌ನಲ್ಲೇ ದರ ಕೇಳುತ್ತಾರೆ, ಅಲ್ಲೇ ಡಬ್ಬಿ, ಕಡ್ಡಿ ಎರಡೂ ಜಾತಿಯ ಕಾಯಿಯ ಫೋಟೋ ಕೇಳುತ್ತಾರೆ, ಆರ್ಡರ್ ಪಕ್ಕಾ ಮಾಡುವುದೂ ಅಲ್ಲೇ. ಮಾಲು ಲಾರಿಗೆ ಹತ್ತಿದ ಮೇಲೆ, ಸಾಗಣೆಗೆ ಬೇಕಾದ ಜಿಎಸ್‌ಟಿ ಚೀಟಿ ಮಾಡುವ ಇ-ವೇ ಬಿಲ್ ಪೋರ್ಟಲ್. ಹೀಗೆ ಎರಡು ಕಡೆ ಲಾಗಿನ್.

ತೊಂದರೆ ಏನಂದರೆ ಎರಡೂ ಕಡೆ ಒಂದೇ ಯೂಸರ್ ಹೆಸರು. ಅಪ್ಪ, ಕಾಕಾ, ಲೆಕ್ಕ ಬರೆಯುವ ದಿವಾನಜಿ, ನಾನು, ನಾಲ್ವರೂ ಅದನ್ನೇ ಬಳಸುತ್ತೇವೆ. ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರ್ ಹಿಂದೆ ಪೆನ್ನಿನಲ್ಲಿ ಬರೆದಿದೆ. ಓಟಿಪಿ ಬರುವುದು ಅಪ್ಪನ ಫೋನಿಗೆ. ಸೋಮವಾರ, ಗುರುವಾರ ಪೇಟೆ ಇದ್ದಾಗ ಅಪ್ಪ ಅಂಗಡಿಯಲ್ಲಿ ಇರುವುದಿಲ್ಲ, ಲಾಟ್ ನೋಡುತ್ತಾ ಟೆಂಡರ್ ಹಾಕುತ್ತಾ ಯಾರ್ಡಿನಲ್ಲಿ ಓಡಾಡುತ್ತಿರುತ್ತಾರೆ. ದಿವಾನಜಿ ಫೋನ್ ಮಾಡಿದರೆ ಅಲ್ಲಿಂದಲೇ "ನಾಕು, ಏಳು, ಒಂದು..." ಅಂತ ಗಟ್ಟಿಯಾಗಿ ಓದುತ್ತಾರೆ. ಸುತ್ತ ಹಮಾಲರು, ದಲಾಲರು, ಬೇರೆ ಖರೀದಿದಾರರು. ನಮ್ಮ ಓಟಿಪಿ ಅರ್ಧ ಪೇಟೆಗೆ ಗೊತ್ತು ಅನ್ನಿ.

ಮೊನ್ನೆ ಅಂಗಡಿಯ ವಾಟ್ಸಾಪ್‌ಗೆ ಒಂದು ಮೆಸೇಜ್ ಬಂತು. "ನಿಮ್ಮ ಮಾರಾಟಗಾರರ ಖಾತೆ ಇಂದು ಸಂಜೆ ಬಂದ್ ಆಗುತ್ತದೆ, ಕೂಡಲೇ ಲಾಗಿನ್ ಆಗಿ" ಅಂತ, ಕೆಳಗೆ ಲಿಂಕ್. ದಿವಾನಜಿ ಅದರಲ್ಲಿ ಏನನ್ನೂ ತುಂಬದೆ ನನಗೆ ತೋರಿಸಿದರು. ಅದೇ ಬಣ್ಣ, ಅದೇ ಲೋಗೋ, ಮೇಲೆ ಬೀಗದ ಗುರುತು ಸಹ ಇದೆ! ವಿಳಾಸದಲ್ಲಿ ಮಾತ್ರ ವೆಬ್‌ಸೈಟ್ ಹೆಸರಿಗೆ "ವೆರಿಫೈ" ಅಂತ ಒಂದು ಬಾಲ ಅಂಟಿಸಿದ್ದರು. ಅವತ್ತಿನಿಂದ ನನಗೆ ಸಮಾಧಾನ ಇಲ್ಲ.

ಕಾಕಾ ಹೇಳುವುದು, ಪಾಸ್‌ವರ್ಡ್ ಉದ್ದ ಮಾಡಿದರೆ ಸಾಕು ಅಂತ. ನನ್ನ ಗೆಳತಿ ಒಬ್ಬಳು, ಲಾಗಿನ್ ಕೋಡನ್ನು ಫೋನಿನಲ್ಲೇ ತೋರಿಸುವ ಅಥೆಂಟಿಕೇಟರ್ ಆಪ್ ಹಾಕಿಕೋ ಅಂದಳು. ಆದರೆ ನಮ್ಮ ಮಾಲು ಇರುವ ಕೋಲ್ಡ್ ಸ್ಟೋರೇಜ್ ಒಳಗೆ ನೆಟ್‌ವರ್ಕ್ ಬರಲ್ಲ. ಅಲ್ಲಿ ಆ ಆಪ್ ನಡೆಯುತ್ತಾ? ಫೋನ್ ಕಳೆದುಹೋದರೆ ಗತಿ ಏನು? ವ್ಯಾಪಾರಸ್ಥರು ಯಾರಾದರೂ ಇದನ್ನು ಸರಿಯಾಗಿ ಕೂಡಿಸಿಕೊಂಡಿದ್ದರೆ ಹೇಳಿ.

ಅಮರಗೋಳ_ಲೆಕ್ಕದವ

ತಂಗಿ, ಮೊದಲು ನಿಮ್ಮ ದಿವಾನಜಿಗೆ ಒಂದು ಚಹಾ ಕುಡಿಸಿ. ನಾನು ಹುಬ್ಬಳ್ಳಿ ಅಮರಗೋಳ ಎಪಿಎಂಸಿ ಹತ್ತಿರ ವ್ಯಾಪಾರಸ್ಥರ ಜಿಎಸ್‌ಟಿ ಕೆಲಸ ಮಾಡುತ್ತೇನೆ. ಹತ್ತು ಅಂಗಡಿಗೆ ಹೋದರೆ ಎಂಟರಲ್ಲಿ ನಿಮ್ಮದೇ ಕಥೆ.

ಕಾಕಾ ಹೇಳಿದ್ದು ಸುಳ್ಳಲ್ಲ, ಆದರೆ ಸಾಲದು. ಪಾಸ್‌ವರ್ಡ್ ಎಷ್ಟೇ ಉದ್ದ ಇದ್ದರೂ ನಕಲಿ ಪುಟದಲ್ಲಿ ನಾವೇ ಟೈಪ್ ಮಾಡಿ ಕೊಟ್ಟರೆ ಏನು ಉಪಯೋಗ? ಬೀಗದ ಗುರುತನ್ನೂ ನಂಬಬೇಡಿ. ನಿಮ್ಮ ಕಂಪ್ಯೂಟರ್ ಮತ್ತು ಆ ಪುಟದ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು ಅಂತಷ್ಟೇ ಅದು ಹೇಳುತ್ತದೆ. ಆ ಪುಟ ಕಳ್ಳನದೋ ಸಾಹುಕಾರನದೋ ಅಂತ ಹೇಳುವುದಿಲ್ಲ. ಕಳ್ಳರಿಗೂ ಆ ಬೀಗ ಬಿಟ್ಟಿ ಸಿಗುತ್ತದೆ.

ವಿಳಾಸ ಓದುವುದು ಹೀಗೆ. ಶುರುವಿನ https:// ಬಿಟ್ಟು, ಅದಾದ ಮೇಲೆ ಮೊದಲನೇ ಓರೆಗೀಟು (/) ಎಲ್ಲಿದೆ ನೋಡಿ. ಅಲ್ಲಿಂದ ಹಿಂದಕ್ಕೆ ಬನ್ನಿ. ಡಾಟ್ ಕಾಮ್‌ಗೆ ತಾಗಿಕೊಂಡೇ ಎಡಕ್ಕೆ ಇರುವ ಹೆಸರು ಯಾವುದೋ, ಪುಟದ ಮಾಲಕ ಅವನೇ. ಅದಕ್ಕೂ ಹಿಂದೆ ಡಾಟ್ ಹಾಕಿ ಯಾರ ಹೆಸರನ್ನು ಬೇಕಾದರೂ ಸೇರಿಸಬಹುದು, ಅದಕ್ಕೆ ಬೆಲೆ ಇಲ್ಲ. ನಡುವೆ ಅಡ್ಡಗೆರೆ ಹಾಕಿ "ವೆರಿಫೈ", "ಲಾಗಿನ್" ಅಂತ ಜೋಡಿಸಿದ್ದರೆ ಅದು ಪೂರ್ತಿ ಬೇರೆಯದೇ ವಿಳಾಸ. ಇ-ವೇ ಬಿಲ್, ಜಿಎಸ್‌ಟಿ ಇವು ಸರ್ಕಾರದವು, ಜಿಓವಿ ಡಾಟ್ ಇನ್ ಅಂತಲೇ ಮುಗಿಯಬೇಕು. ಗೂಗಲ್‌ನಲ್ಲಿ ಹೆಸರು ಹುಡುಕಿ ಮೇಲೆ ಬಂದದ್ದನ್ನು ಒತ್ತುವ ಅಭ್ಯಾಸವನ್ನೂ ಬಿಡಿ, ಮೇಲಿನ ಸಾಲು ಎಷ್ಟೋ ಸಲ ಜಾಹೀರಾತು. ಸರಿಯಾದ ವಿಳಾಸವನ್ನು ಒಮ್ಮೆ ಬುಕ್‌ಮಾರ್ಕ್ ಮಾಡಿ, ನಾಲ್ವರೂ ಅಲ್ಲಿಂದಲೇ ಹೋಗಿ.

ಈಗ ಓಟಿಪಿ ವಿಷಯ. ಟೆಂಡರ್‌ನಲ್ಲಿ ಎಷ್ಟು ದರ ಹಾಕಿದೆ ಅಂತ ನಿಮ್ಮ ಅಪ್ಪ ಯಾರ್ಡಿನಲ್ಲಿ ಕೂಗುತ್ತಾರಾ? ಓಟಿಪಿಯೂ ಅಂಥದ್ದೇ. ಆದರೆ ತಪ್ಪು ಅವರದ್ದು ಅಂತ ನಾನು ಹೇಳಲ್ಲ. ನಾಲ್ವರಿಗೆ ಒಂದೇ ಲಾಗಿನ್ ಇದ್ದರೆ ಕೂಗದೆ ಬೇರೆ ದಾರಿ ಇಲ್ಲ. ಅದನ್ನೇ ಒಡೆಯಬೇಕು.

ಇ-ವೇ ಬಿಲ್‌ನಿಂದ ಶುರು ಮಾಡಿ, ಅಲ್ಲಿ ಸುಲಭ. ಎರಡು ಹಂತದ ಲಾಗಿನ್, ಅಂದರೆ ಪಾಸ್‌ವರ್ಡ್ ಆದಮೇಲೆ ಓಟಿಪಿಯೂ, ಅಲ್ಲಿ ಈಗ ಕಡ್ಡಾಯ. 2025ರ ಜನವರಿ 1ರಿಂದ 20 ಕೋಟಿಗೂ ಜಾಸ್ತಿ ವಹಿವಾಟು ಇದ್ದವರಿಗೆ, ಫೆಬ್ರವರಿ 1ರಿಂದ 5 ಕೋಟಿ ದಾಟಿದವರಿಗೆ, ಏಪ್ರಿಲ್ 1ರಿಂದ ಎಲ್ಲರಿಗೂ ಬಂತು. ಅದರಲ್ಲಿ ಸಬ್-ಯೂಸರ್ ಅಂತ ಇದೆ. ದಿವಾನಜಿಗೆ ಅವರದೇ ಫೋನ್ ನಂಬರ್ ಹಾಕಿ ಬೇರೆ ಹೆಸರು ಮಾಡಿಕೊಡಿ. ಅವರ ಓಟಿಪಿ ಅವರ ಫೋನಿಗೇ ಬರುತ್ತದೆ. ಬಿಲ್ ಮಾಡುವುದು, ರಿಪೋರ್ಟ್ ನೋಡುವುದು ಇವಕ್ಕೆಲ್ಲ ಬೇರೆ ಬೇರೆ ಟಿಕ್ ಇದೆ, ಬೇಕಾದ್ದಷ್ಟೇ ಕೊಡಿ. ನಾಳೆ ಯಾರಾದರೂ ಕೆಲಸ ಬಿಟ್ಟರೆ ಅವರೊಬ್ಬರ ಹೆಸರನ್ನು ಫ್ರೀಜ್ ಮಾಡಿದರೆ ಆಯಿತು, ಎಲ್ಲರ ಪಾಸ್‌ವರ್ಡ್ ಬದಲಿಸುತ್ತಾ ಕೂರಬೇಕಾಗಿಲ್ಲ. ಇದನ್ನು ಹಗುರವಾಗಿ ತಗೋಬೇಡಿ. ನಿಮ್ಮ ಲಾಗಿನ್ ಸಿಕ್ಕವನು ನಿಮ್ಮ ಜಿಎಸ್‌ಟಿ ನಂಬರಿನಲ್ಲಿ ಇಲ್ಲದ ಮಾಲಿಗೆ ಬಿಲ್ ಎಬ್ಬಿಸಬಹುದು. ಆಮೇಲೆ ನೋಟಿಸ್ ಬರುವುದು ನಿಮ್ಮ ಅಂಗಡಿಗೆ.

ಅಥೆಂಟಿಕೇಟರ್ ಆಪ್‌ಗೆ ನೆಟ್‌ವರ್ಕ್ ಬೇಡ. ಶುರುವಿನಲ್ಲಿ ಒಂದು ಕ್ಯೂಆರ್ ಸ್ಕ್ಯಾನ್ ಮಾಡುತ್ತೀರಲ್ಲ, ಆಗ ಒಂದು ಗುಟ್ಟಿನ ಸಂಖ್ಯೆ ವೆಬ್‌ಸೈಟ್‌ನಲ್ಲೂ ನಿಮ್ಮ ಫೋನಿನಲ್ಲೂ ಉಳಿಯುತ್ತದೆ. ಆಮೇಲೆ ಇಬ್ಬರೂ ಆ ಗುಟ್ಟನ್ನೂ ಆ ಹೊತ್ತಿನ ಗಡಿಯಾರವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. 30 ಸೆಕೆಂಡಿಗೊಮ್ಮೆ ಹೊಸ 6 ಅಂಕಿ. ಲೆಕ್ಕ ಫೋನಿನೊಳಗೇ ನಡೆಯುವುದರಿಂದ ಕೋಲ್ಡ್ ಸ್ಟೋರೇಜ್ ಒಳಗೂ ಕೋಡ್ ಬರುತ್ತದೆ. ಇ-ವೇ ಬಿಲ್‌ಗೂ ಇಂಥದ್ದೇ ಆಪ್ ಇದೆ, ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಅಂತ. ಅದನ್ನು ಪೋರ್ಟಲ್ ಒಳಗಿನಿಂದಲೇ ಇಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿನಲ್ಲಿ ಆಪ್ ಕೂರಿಸುವ ಫೈಲ್, ಮುಟ್ಟಲೇಬೇಡಿ. ಅಂಥವು ಫೋನಿಗೆ ಬರುವ ಮೆಸೇಜ್‌ಗಳನ್ನೇ ಓದಿ ಆಚೆ ಕಳಿಸುತ್ತವೆ.

ಸುಮ್ನೆ_ಹಾವೇರಿ

ಇಷ್ಟೆಲ್ಲ ಯಾಕ್ರೀ? ನಮ್ಮಲ್ಲೂ ಒಂದೇ ಪಾಸ್‌ವರ್ಡ್, ವರ್ಷಗಟ್ಟಲೆ ಏನೂ ಆಗಿಲ್ಲ. ಆ ವೆಬ್‌ಸೈಟ್‌ನಲ್ಲಿ ದುಡ್ಡು ಇರುವುದಿಲ್ಲ, ಬರೀ ವಿಚಾರಣೆ ಇರುತ್ತದೆ. ಕಳ್ಳ ಒಳಗೆ ಬಂದು ಏನು ಒಯ್ಯುತ್ತಾನೆ, ಮೆಣಸಿನಕಾಯಿ ಫೋಟೋನಾ?

ಗದಗ_ಶೇಂಗಾ_ಕಡಲೆ

@ಸುಮ್ನೆ_ಹಾವೇರಿ ಅಣ್ಣಾರೆ, ಫೋಟೋ ಒಯ್ಯಲ್ಲ, ಗಿರಾಕಿಯನ್ನು ಒಯ್ಯುತ್ತಾನೆ. ನಮ್ಮ ಗದಗ ಎಪಿಎಂಸಿಯಲ್ಲಿ ಪರಿಚಯದ ಅಂಗಡಿಯೊಂದರಲ್ಲಿ ಆದದ್ದು ಹೇಳುತ್ತೇನೆ, ಹೆಸರು ಬೇಡ. ಕಡಲೆ ಕಳಿಸಿದ್ದರು, ಬಿಲ್ ಮೇಲ್ ಮಾಡಿದ್ದರು. ಹಣ ಬರಲಿಲ್ಲ. ಫೋನ್ ಮಾಡಿ ಕೇಳಿದರೆ ಖರೀದಿದಾರರು "ನೀವೇ ಹೊಸ ಬ್ಯಾಂಕ್ ಖಾತೆ ಕಳಿಸಿದ್ರಲ್ಲ, ಅದಕ್ಕೇ ಹಾಕಿದ್ದೇವೆ" ಅಂದರು. ಮೇಲ್ ತೆಗೆದು ನೋಡಿದರೆ ಹೌದು, ಇವರ ಐಡಿಯಿಂದಲೇ ಹೋಗಿದೆ. ಅದೇ ಬಿಲ್, ಅದೇ ಸಹಿ, ಖಾತೆ ನಂಬರ್ ಮಾತ್ರ ಬೇರೆ.

ಅವನು ಮೇಲ್ ಒಳಗೆ ಸುಮ್ಮನೆ ಕೂತು ಎಲ್ಲ ಓದುತ್ತಿದ್ದ. ಸೆಟ್ಟಿಂಗ್ಸ್‌ನಲ್ಲಿ ಒಂದು ಫಿಲ್ಟರ್ ಹಾಕಿದ್ದ, ಆ ಖರೀದಿದಾರರಿಂದ ಬಂದ ಉತ್ತರವೆಲ್ಲ ನೇರ ಕಸದ ಡಬ್ಬಿಗೆ. ಹಾಗಾಗಿ ಇವರ ಕಣ್ಣಿಗೆ ಏನೂ ಬೀಳಲಿಲ್ಲ. ಪಾಸ್‌ವರ್ಡ್ ಬದಲಿಸಿದ ಮೇಲೂ ಆ ಫಿಲ್ಟರ್ ಹಾಗೇ ಇತ್ತು! ಆಮೇಲೆ ಒಬ್ಬ ಹುಡುಗ ಹುಡುಕಿ ತೆಗೆದ.

ಆದ್ದರಿಂದ ಬ್ಯಾಡಗಿ ಅಕ್ಕಾರೆ, ವ್ಯಾಪಾರದ ವೆಬ್‌ಸೈಟ್‌ಗಿಂತ ಮೊದಲು ಅಂಗಡಿಯ ಜೀಮೇಲ್ ಭದ್ರ ಮಾಡಿ. "ಪಾಸ್‌ವರ್ಡ್ ಮರೆತಿದ್ದೀರಾ" ಅಂತ ಒತ್ತಿದರೆ ಎಲ್ಲ ಕಡೆಯಿಂದಲೂ ಲಿಂಕ್ ಬರುವುದು ಆ ಮೇಲ್‌ಗೇ ಅಲ್ವಾ? ಅದು ಕೈಗೆ ಸಿಕ್ಕರೆ ಉಳಿದದ್ದೆಲ್ಲ ಸಿಕ್ಕ ಹಾಗೆ. ಫಿಲ್ಟರ್, ಮತ್ತೆ ಬಂದ ಮೇಲ್ ತಾನಾಗಿ ಬೇರೆ ಐಡಿಗೆ ಹೋಗುವ ಫಾರ್ವರ್ಡಿಂಗ್, ಎರಡನ್ನೂ ತೆರೆದು ನೋಡಿ. ಯಾವ ಯಾವ ಫೋನ್, ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿದೆ ಅಂತ ಪಟ್ಟಿ ಇರುತ್ತದೆ, ಗೊತ್ತಿಲ್ಲದ್ದನ್ನು ಹೊರಗೆ ಹಾಕಿ. ಖರೀದಿದಾರರಿಗೂ ಹೇಳಿಡಿ, ಖಾತೆ ನಂಬರ್ ಬದಲಾಗಿದೆ ಅಂತ ಯಾವ ಮೇಲ್ ಬಂದರೂ ಹಳೇ ನಂಬರಿಗೆ ಫೋನ್ ಮಾಡಿ ಅಪ್ಪನ ಧ್ವನಿ ಕೇಳಿಯೇ ಹಣ ಹಾಕಿ ಅಂತ. ಆ ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಮಾಡಬಾರದು.

ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಇರುತ್ತದೆ. ಆ ಅಂಗಡಿಯವರು ಮೊದಲು ಖರೀದಿದಾರರ ಜೊತೆ ಜಗಳಾಡುತ್ತಾ ಕೂತರು. ಅಷ್ಟರಲ್ಲಿ ಖಾತೆ ಖಾಲಿ.

ಸುಮ್ನೆ_ಹಾವೇರಿ

ಹಾಗಾದರೆ ಮಾತು ಬೇರೆ. ಮೇಲ್ ಫಿಲ್ಟರ್ ಎಲ್ಲಿರುತ್ತದೆ ಹೇಳಿ, ಈಗಲೇ ನೋಡುತ್ತೇನೆ.

ಗದಗ_ಶೇಂಗಾ_ಕಡಲೆ

ಕಂಪ್ಯೂಟರ್‌ನಲ್ಲಿ ಜೀಮೇಲ್ ತೆರೆಯಿರಿ, ಬಲಗಡೆ ಮೇಲೆ ಹಲ್ಲಿನ ಚಕ್ರದ ಗುರುತು ಇದೆ. ಅದನ್ನು ಒತ್ತಿ ಎಲ್ಲ ಸೆಟ್ಟಿಂಗ್ಸ್‌ಗೆ ಹೋದರೆ ಫಿಲ್ಟರ್‌ಗೆ ಒಂದು ಟ್ಯಾಬ್, ಫಾರ್ವರ್ಡಿಂಗ್‌ಗೆ ಇನ್ನೊಂದು. ಮೊಬೈಲ್ ಆಪ್‌ನಲ್ಲಿ ಹುಡುಕಬೇಡಿ, ಸಿಗಲ್ಲ.

ಕಡ್ಡಿಕಾಯಿ_ಬ್ಯಾಡಗಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇಲ್ ನೋಡಿದೆ, ಗೊತ್ತಿಲ್ಲದ ಫೋನ್ ಯಾವುದೂ ಇಲ್ಲ. ಇ-ವೇ ಬಿಲ್‌ನಲ್ಲಿ ದಿವಾನಜಿಗೆ ಸಬ್-ಯೂಸರ್ ಆಯಿತು. ತಮ್ಮ ಹೆಸರಿನಲ್ಲೇ ಲಾಗಿನ್ ಬಂತು ಅಂತ ಅವರಿಗೆ ಖುಷಿಯೋ ಖುಷಿ.

ಆದರೆ ವ್ಯಾಪಾರದ ವೆಬ್‌ಸೈಟ್‌ನಲ್ಲಿ ನಮ್ಮ ಪ್ಲಾನ್‌ಗೆ ಒಂದೇ ಯೂಸರ್. ಜಾಸ್ತಿ ಯೂಸರ್ ಬೇಕಂದರೆ ಜಾಸ್ತಿ ದುಡ್ಡು. ಸೀಜನ್ ಮುಗಿದ ಮೇಲೆ ನೋಡೋಣ ಅಂತ ಅಪ್ಪ. ಆಪ್ ಹಾಕಿಕೊಳ್ಳಲು ಒಪ್ಪಿದ್ದಾರೆ. ಅದು ಅಪ್ಪನ ಫೋನಿನಲ್ಲಿ ಇದ್ದರೆ ಮತ್ತೆ ಅದೇ ಕೂಗಾಟ ತಾನೇ? ಕ್ರೋಮ್ ಬೇರೆ "ಪಾಸ್‌ಕೀ ಮಾಡಿಕೊಳ್ಳಿ" ಅಂತ ಕೇಳುತ್ತಿದೆ. ಅದೇನು?

ಅಮರಗೋಳ_ಲೆಕ್ಕದವ

ಒಂದೇ ಯೂಸರ್ ಇದ್ದಾಗ ಹೀಗೆ ಮಾಡಿ. ಕ್ಯೂಆರ್ ಪರದೆ ಮೇಲೆ ಇರುವಾಗಲೇ ನಿಮ್ಮ ಫೋನ್, ಅಪ್ಪನ ಫೋನ್, ಕಾಕಾ ಫೋನ್ ಮೂರರಲ್ಲೂ ಅದನ್ನೇ ಸ್ಕ್ಯಾನ್ ಮಾಡಿ. ಗುಟ್ಟು ಒಂದೇ, ಗಡಿಯಾರ ಒಂದೇ. ಆದ್ದರಿಂದ ಮೂರು ಫೋನಿನಲ್ಲೂ ಒಂದೇ ಕೋಡ್ ಬರುತ್ತದೆ. ಯಾರೂ ಯಾರಿಗೂ ಫೋನ್ ಮಾಡಬೇಕಿಲ್ಲ. ಆ ಕ್ಯೂಆರ್‌ನ ಫೋಟೋ ಮಾತ್ರ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಅದೇ ಗುಟ್ಟು. ಸಬ್-ಯೂಸರ್‌ನಷ್ಟು ಒಳ್ಳೆಯ ದಾರಿ ಇದಲ್ಲ, ಯಾರು ಏನು ಮಾಡಿದರು ಅಂತ ಗೊತ್ತಾಗಲ್ಲ. ಸೀಜನ್ ದಾಟುವವರೆಗೆ ನಡೆಯುತ್ತದೆ.

ಫೋನ್ ಕಳೆದರೆ ಅಂತ ಮೊದಲೇ ಕೇಳಿದ್ದಿರಿ. ಆಪ್ ಕೂಡಿಸುವಾಗ ಬ್ಯಾಕಪ್ ಕೋಡ್ ಅಂತ ಒಂದಿಷ್ಟು ಕೊಟ್ಟರೆ ಕಾಗದದಲ್ಲಿ ಬರೆದು ತಿಜೋರಿಗೆ ಹಾಕಿ. ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಅಪ್ಪನ ಸಿಮ್‌ಗೆ ಕಾರಣವಿಲ್ಲದೆ ಸಿಗ್ನಲ್ ಹೋಗಿ ತುಂಬಾ ಹೊತ್ತು ಬರದಿದ್ದರೆ ಸುಮ್ಮನೆ ಕೂರಬೇಡಿ. ಬೇರೆ ಫೋನಿನಿಂದ ಸಿಮ್ ಕಂಪನಿಗೆ ಕೇಳಿ. ಅದೇ ನಂಬರಿಗೆ ಇನ್ನೊಬ್ಬ ಹೊಸ ಸಿಮ್ ತೆಗೆದಿರಬಹುದು. ಎಸ್‌ಎಂಎಸ್ ಓಟಿಪಿಗಿಂತ ಆಪ್ ಮೇಲು ಅನ್ನುವುದು ಇದಕ್ಕೇ, ಸಿಮ್ ಕದ್ದರೂ ಆಪಿನ ಕೋಡ್ ಸಿಗುವುದಿಲ್ಲ.

ಪಾಸ್‌ಕೀ ಇನ್ನೂ ಗಟ್ಟಿ. ಓಟಿಪಿ ಆಗಲಿ ಆಪಿನ ಕೋಡ್ ಆಗಲಿ, ನಕಲಿ ಪುಟದಲ್ಲಿ ಟೈಪ್ ಮಾಡಿದರೆ ಕಳ್ಳ ಅದೇ ಕ್ಷಣ ಅಸಲಿ ಪುಟದಲ್ಲಿ ಹಾಕಿ ಒಳಗೆ ಹೋಗುತ್ತಾನೆ. ಪಾಸ್‌ಕೀಯಲ್ಲಿ ಟೈಪ್ ಮಾಡುವುದೇ ಇಲ್ಲ. ಬೆರಳು ಇಟ್ಟರೆ ಫೋನೇ ಉತ್ತರ ಕೊಡುತ್ತದೆ. ಅದೂ ಯಾವ ವಿಳಾಸಕ್ಕೆ ಮಾಡಿದ್ದೋ ಆ ವಿಳಾಸಕ್ಕೆ ಮಾತ್ರ. ಆ "ವೆರಿಫೈ" ಬಾಲದ ಪುಟಕ್ಕೆ ಹೋದರೆ ಬಾಯಿಯೇ ಬಿಡಲ್ಲ. ವೆಬ್‌ಸೈಟ್ ಕೊಡುತ್ತಿದ್ದರೆ ಹಾಕಿಕೊಳ್ಳಿ, ಜೀಮೇಲ್‌ಗಂತೂ ಇವತ್ತೇ ಹಾಕಿ. ಆದರೆ ಎಲ್ಲರೂ ಕೂರುವ ಅಂಗಡಿ ಕಂಪ್ಯೂಟರ್‌ನಲ್ಲಿ ಬೇಡ, ನಿಮ್ಮ ಫೋನಿನಲ್ಲಿ.

ಕಡ್ಡಿಕಾಯಿ_ಬ್ಯಾಡಗಿ

ಮೂರು ಫೋನಿನಲ್ಲೂ ಸ್ಕ್ಯಾನ್ ಮಾಡಿದೆವು. ನನ್ನದು, ಅಪ್ಪನದು ಸರಿ ಇದೆ. ಕಾಕಾ ಫೋನಿನ ಕೋಡ್ ಮಾತ್ರ ಪ್ರತಿ ಸಲ ತಪ್ಪು ಅನ್ನುತ್ತಿದೆ. ಆಪ್ ತೆಗೆದು ಮತ್ತೆ ಹಾಕಲಾ?

ಅಮರಗೋಳ_ಲೆಕ್ಕದವ

ತೆಗೆಯಬೇಡಿ! ಮೊದಲು ಕಾಕಾ ಫೋನಿನ ಟೈಮ್ ನೋಡಿ. ನಿಮ್ಮ ಫೋನಿಗೂ ಅದಕ್ಕೂ ಎಷ್ಟು ವ್ಯತ್ಯಾಸ?

ಕಡ್ಡಿಕಾಯಿ_ಬ್ಯಾಡಗಿ

ಹತ್ತು ನಿಮಿಷ ಮುಂದೆ ಇದೆ! ಹಾವೇರಿ ಬಸ್ ತಪ್ಪಬಾರದು ಅಂತ ಬೇಕಂತಲೇ ಮುಂದೆ ಇಟ್ಟಿದ್ದಾರಂತೆ.

ಅಮರಗೋಳ_ಲೆಕ್ಕದವ

ಅಲ್ಲೇ ಇದೆ ನೋಡಿ ರೋಗ. ಅವರ ಫೋನ್ ಹತ್ತು ನಿಮಿಷ ಆದಮೇಲಿನ ಕೋಡ್ ತೋರಿಸುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ, ಸಮಯ ತಾನಾಗಿಯೇ ಹೊಂದಿಕೊಳ್ಳುವ ಹಾಗೆ ಇಡಿ.

ಕಡ್ಡಿಕಾಯಿ_ಬ್ಯಾಡಗಿ

ಬಂತು, ಬಂತು. ಮೂರರಲ್ಲೂ ಒಂದೇ ಕೋಡ್. ಬಸ್ ತಪ್ಪಿದರೆ ಅಮರಗೋಳದವರೇ ಕಾರು ಕಳಿಸಬೇಕು ಅಂತ ಕಾಕಾ ಗೊಣಗುತ್ತಿದ್ದಾರೆ.