43 ಲಕ್ಷದಿಂದ 84 ಲಕ್ಷ: ಬೆಂಗಳೂರಿನ ಜನಸಂಖ್ಯೆ ಹತ್ತೇ ವರ್ಷಗಳಲ್ಲಿ ಇಮ್ಮಡಿಯಾಯಿತೇ?

ಪ್ರಶ್ನೆ (ಕೆಂಗೇರಿಯ ನಿವಾಸಿ):

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಗೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರವೊಂದನ್ನು ಕೋರಿ ನಿವಾಸಿಗಳ ಸಂಘದ ಪರವಾಗಿ ಮನವಿ ಪತ್ರ ಸಿದ್ಧಪಡಿಸುತ್ತಿದ್ದೇನೆ. 2001ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ 43,01,326 ಇದ್ದದ್ದು 2011ರಲ್ಲಿ 84,43,675 ಆಗಿದೆ. ಈ ಶೇಕಡಾ 96ರ ಏರಿಕೆಯನ್ನು ಆಧಾರವಾಗಿಟ್ಟುಕೊಂಡು, ನಮ್ಮ ಭಾಗದ ಜನಸಂಖ್ಯೆಯೂ ದಶಕಕ್ಕೊಮ್ಮೆ ಇಮ್ಮಡಿಯಾಗುತ್ತಿದೆ ಎಂದು ಬರೆಯಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಅಂಕಿಅಂಶ ವಿಭಾಗದ ನಿವೃತ್ತ ನೌಕರ):

ದಯವಿಟ್ಟು ಹಾಗೆ ಬರೆಯಬೇಡಿ. ಆ ಎರಡು ಸಂಖ್ಯೆಗಳು ಎರಡು ಬೇರೆ ಬೇರೆ ಪ್ರದೇಶಗಳವು. 2001ರ ಪಾಲಿಕೆ ಸುಮಾರು 226 ಚದರ ಕಿಲೋಮೀಟರ್‌ಗಳಷ್ಟಿತ್ತು. 2007ರಲ್ಲಿ ಯಲಹಂಕ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ಬ್ಯಾಟರಾಯನಪುರ ಎಂಬ ಏಳು ನಗರಸಭೆಗಳನ್ನೂ, ಕೆಂಗೇರಿ ಪುರಸಭೆಯನ್ನೂ, ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ ವ್ಯಾಪ್ತಿ ಮೂರು ಪಟ್ಟಿಗೂ ಮೀರಿ ಬೆಳೆಯಿತು. ನೀವು ಬರೆದಿರುವ 43 ಲಕ್ಷದಲ್ಲಿ ಕೆಂಗೇರಿಯ ಒಬ್ಬರೂ ಇಲ್ಲ. 84 ಲಕ್ಷದಲ್ಲಿ ಎಲ್ಲರೂ ಇದ್ದಾರೆ. ಗಡಿ ದಾಟಿ ಹೊಸದಾಗಿ ಬಂದವರನ್ನೂ, ಗಡಿಯೇ ತಮ್ಮ ಮನೆಯವರೆಗೆ ಬಂದದ್ದರಿಂದ ಲೆಕ್ಕಕ್ಕೆ ಸಿಕ್ಕವರನ್ನೂ ಒಂದೇ ಏರಿಕೆಯೊಳಗೆ ಕೂಡಿಸಿದರೆ ನಗರದ ಬೆಳವಣಿಗೆ ಎಷ್ಟೆಂಬುದು ತಿಳಿಯುವುದೇ ಇಲ್ಲ.

ಬೆಂಗಳೂರು ನಗರ ಜಿಲ್ಲೆಯ ಲೆಕ್ಕವನ್ನು ನೋಡಿ. ಅಲ್ಲಿ 2001ರ 65,37,124 ಜನಸಂಖ್ಯೆ 2011ಕ್ಕೆ 96,21,551 ಆಗಿದೆ, ಅಂದರೆ ಶೇಕಡಾ 47. ಇದೂ ಸಣ್ಣ ಏರಿಕೆಯೇನಲ್ಲ. ನಿಮ್ಮ ಮನವಿಗೆ ಇದೇ ಸಾಕಷ್ಟು ಬಲ ಕೊಡುತ್ತದೆ. ಉತ್ಪ್ರೇಕ್ಷೆಯ ಅಂಕಿಯೊಂದು ಕಣ್ಣಿಗೆ ಬಿದ್ದರೆ ಕಡತ ನೋಡುವ ಅಧಿಕಾರಿ ಉಳಿದ ಪುಟಗಳನ್ನೂ ನಂಬುವುದಿಲ್ಲ. ಸೇವೆಯಲ್ಲಿದ್ದಾಗ ಇದನ್ನು ಹಲವು ಬಾರಿ ಕಂಡಿದ್ದೇನೆ.

ಉತ್ತರ 2 (ಗಣತಿದಾರರಾಗಿದ್ದ ಶಿಕ್ಷಕಿ):

ಮೇಲಿನ ಹಿರಿಯರ ಮಾತು ಸರಿ. 2011ರ ಫೆಬ್ರವರಿಯಲ್ಲಿ ನಾನು ಗಣತಿಗೆ ಹೋಗಿದ್ದ ವಠಾರದ ಮಹಡಿಯ ಕೋಣೆಯೊಂದಕ್ಕೆ ಎರಡು ಸಲ ಹೋದರೂ ಬೀಗವೇ ಇತ್ತು. ಹೊರಗೆ ಆರು ಜೊತೆ ಚಪ್ಪಲಿಗಳಿದ್ದವು. ಹುಡುಗರು ರಾತ್ರಿ ಪಾಳಿಗೆ ಹೋಗುತ್ತಾರೆಂದು ಪಕ್ಕದ ಮನೆಯ ಅಜ್ಜಿ ಹೇಳಿದರು. ಮೂರನೆಯ ಸಲ ಬೆಳಗ್ಗೆ ಏಳಕ್ಕೆ ಹೋದಾಗ ಒಬ್ಬರು ಬಾಗಿಲು ತೆರೆದು, ತಮ್ಮ ಹೆಸರು ಊರಿನಲ್ಲೇ ಇದೆ, ಇಲ್ಲಿ ಬರೆಯುವುದು ಬೇಡ ಎಂದರು. ಪಡಿತರ ಚೀಟಿ ಎಲ್ಲಿದೆ ಎಂಬುದಕ್ಕೂ ಗಣತಿಗೂ ಸಂಬಂಧವಿಲ್ಲ, ವಾಸವಿರುವ ಕಡೆಯೇ ಎಣಿಕೆಯಾಗಬೇಕು ಎಂದು ವಿವರಿಸಿದ ಮೇಲೆ ಆರೂ ಮಂದಿಯ ವಿವರ ಕೊಟ್ಟರು. ನಮ್ಮ ನಗರದ ಅಂಕಿಗಳಲ್ಲಿ ಇಂಥ ಕೋಣೆಗಳ ಪಾಲು ದೊಡ್ಡದು. ಆದುದರಿಂದ ಮತದಾರರ ಪಟ್ಟಿಯನ್ನು ಜನಸಂಖ್ಯೆಯೆಂದು ಬಳಸಬೇಡಿ. ಅದರಲ್ಲಿ ಮಕ್ಕಳೂ ಇರುವುದಿಲ್ಲ, ಊರಿನಲ್ಲೇ ಮತ ಉಳಿಸಿಕೊಂಡ ಈ ಹುಡುಗರೂ ಇರುವುದಿಲ್ಲ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಶೇಕಡಾ 96ರ ಸಾಲನ್ನು ತೆಗೆದುಹಾಕಿದ್ದೇನೆ. ಆದರೆ 2011ರ ನಂತರದ ಹೊಸ ಲೆಕ್ಕವೇ ಇಲ್ಲವಲ್ಲ, ಇಂದಿನ ಸ್ಥಿತಿಗೆ ಯಾವುದನ್ನು ನಮೂದಿಸಲಿ?

ಉತ್ತರ 3 (ಅಂಕಿಅಂಶ ವಿಭಾಗದ ನಿವೃತ್ತ ನೌಕರ):

2021ರ ಜನಗಣತಿ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಆಧಾರ ದಿನಾಂಕ. ಪತ್ರಿಕೆಗಳಲ್ಲಿ ಬರುವ ಒಂದೂ ಕಾಲು ಕೋಟಿ, ಒಂದೂವರೆ ಕೋಟಿ ಎಂಬಂಥ ಸಂಖ್ಯೆಗಳೆಲ್ಲ ಅಂದಾಜುಗಳು. ಅವನ್ನು ಬಳಸುವುದಾದರೆ ಅಂದಾಜು ಎಂದೇ ಬರೆಯಿರಿ. ನಗರ ಆರೋಗ್ಯ ಅಭಿಯಾನದ ಮಾನದಂಡದಂತೆ ಸುಮಾರು 50,000 ಜನರಿಗೆ ಒಂದು ಕೇಂದ್ರವಿರಬೇಕು. ಆದುದರಿಂದ ನಿಮ್ಮ ವಾರ್ಡಿನ 2011ರ ಅಂಕಿಯನ್ನು ಮೊದಲು ಕೊಟ್ಟು, ಅದರ ಕೆಳಗೆ ನಿಮ್ಮ ಸಂಘವೇ ಮನೆಮನೆಗೆ ಹೋಗಿ ಎಣಿಸಿದ ಕುಟುಂಬಗಳ ಪಟ್ಟಿಯನ್ನು, ಎಣಿಸಿದ ದಿನಾಂಕದೊಂದಿಗೆ ಸೇರಿಸಿ. ಇನ್ನೊಂದು ಎಚ್ಚರಿಕೆ: 2025ರ ಸೆಪ್ಟೆಂಬರ್‌ನಿಂದ ಒಂದೇ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ. ಹಳೆಯ 198 ವಾರ್ಡುಗಳ ಗಡಿಗಳು ಈಗ ಹಾಗೆಯೇ ಉಳಿದಿಲ್ಲವಾದ್ದರಿಂದ, ಯಾವ ವರ್ಷದ ಗಡಿಯೊಳಗಿನ ಲೆಕ್ಕವೆಂಬುದನ್ನು ಪ್ರತಿ ಸಂಖ್ಯೆಯ ಪಕ್ಕದಲ್ಲೂ ನಮೂದಿಸಿ.