ಮಗಳು ಆಟದ ಹೊತ್ತಲ್ಲಿ ಒಬ್ಬಳೇ ನಿಂತಿರುತ್ತಾಳೆ, ಏನು ಮಾಡಲಿ? (ಪ್ರಶ್ನೋತ್ತರ)

ಪ್ರಶ್ನೆ (ಎರಡನೇ ಕ್ಲಾಸಿನ ಹುಡುಗಿಯ ತಾಯಿ):
ಮೇಡಂ ನಮಸ್ತೆ. ಮಗಳಿಗೆ ಏಳು ವರ್ಷ. ಓದು ಬರಹ ಚೆನ್ನಾಗಿದೆ, ಲೆಕ್ಕವೂ ಪರವಾಗಿಲ್ಲ. ಆದರೆ ಆಟಕ್ಕೆ ಬಿಟ್ಟಾಗ ಗೋಡೆ ಪಕ್ಕ ಒಬ್ಬಳೇ ನಿಂತಿರುತ್ತಾಳೆ ಅಂತ ಟೀಚರ್ ಹೇಳಿದರು. ಕೇಳಿದರೆ "ನನ್ನನ್ನ ಯಾರೂ ಸೇರಿಸ್ಕೊಳ್ಳಲ್ಲ ಅಮ್ಮ" ಅನ್ನುತ್ತಾಳೆ. ಹೋಗಿ "ನಾನೂ ಬರ್ಲಾ?" ಅಂತ ಕೇಳು ಅಂತ ದಿನಾ ಹೇಳಿ ಕಳಿಸುತ್ತೇನೆ. ಏನೂ ಆಗುತ್ತಿಲ್ಲ. ನಾನೇನಾದರೂ ತಪ್ಪು ಮಾಡ್ತಿದ್ದೀನಾ?

ಉತ್ತರ (ಒಂದರಿಂದ ಮೂರನೇ ಕ್ಲಾಸಿನ ಶಿಕ್ಷಕಿ):
ತಪ್ಪೇನಿಲ್ಲ, ಎಲ್ಲ ಮನೆಯಲ್ಲೂ ಇದನ್ನೇ ಹೇಳುತ್ತಾರೆ. ಆದರೆ "ನಾನೂ ಬರ್ಲಾ?" ಅಂದರೆ "ಬೇಡ" ಅನ್ನುವುದು ಮಕ್ಕಳಿಗೆ ತುಂಬಾ ಸುಲಭ. ಆಟ ಆಗಲೇ ಅರ್ಧಕ್ಕೆ ಬಂದಿರುತ್ತೆ, ಯಾರು ಅಂಗಡಿಯವರು ಯಾರು ಗಿರಾಕಿ ಅಂತ ಹಂಚಿಕೊಂಡಿರುತ್ತಾರೆ, ಹೊಸಬರು ಬಂದರೆ ಎಲ್ಲ ಮತ್ತೆ ಮೊದಲಿಂದ ಶುರು ಮಾಡಬೇಕಲ್ಲ ಅನ್ನೋ ಚಿಂತೆ ಅವರಿಗೆ. ಎಲ್ಲರಿಗೂ ಇಷ್ಟವಾಗುವ ಮಕ್ಕಳಿಗೂ "ಬೇಡ" ಅಂತ ಎಷ್ಟೋ ಸಲ ಹೇಳುತ್ತಾರೆ. ಆ ಮಕ್ಕಳು ಸ್ವಲ್ಪ ಹೊತ್ತು ಬಿಟ್ಟು ಬೇರೆ ಥರ ಪ್ರಯತ್ನಿಸುತ್ತಾರೆ, ಅಷ್ಟೇ.

ನಡೆಯುತ್ತಿರುವ ಆಟಕ್ಕೆ ಸೇರಿಕೊಳ್ಳುವುದನ್ನು ಕಾಗುಣಿತ ಕಲಿಸಿದ ಹಾಗೆ ಕಲಿಸಬೇಕು, ತಾನಾಗೇ ಬರುತ್ತೆ ಅಂತ ಬಿಡಬಾರದು. ಮಾರ್ಥಾ ಪುಟಲ್ಲಾಝ್ ಮತ್ತು ಜಾನ್ ಗಾಟ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞರು ಎರಡನೇ ಮತ್ತು ಮೂರನೇ ಕ್ಲಾಸಿನ ಮಕ್ಕಳು ಗುಂಪಿಗೆ ಹೇಗೆ ಸೇರುತ್ತಾರೆ ಅಂತ ಕೂತು ನೋಡಿ 1981ರಲ್ಲಿ ಬರೆದರು. ಗುಂಪು ಏನು ಮಾಡುತ್ತಿದೆಯೋ ಅದಕ್ಕೆ ಹೊಂದಿಕೊಂಡು ಹೋಗುವ ಮಕ್ಕಳನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತಾರೆ. ತನ್ನ ಬಗ್ಗೆಯೇ ಹೇಳಿಕೊಂಡು, "ಹಾಗಲ್ಲ ಹೀಗೆ" ಅಂತ ತಪ್ಪು ತೆಗೆದು ಗಮನ ಸೆಳೆಯಲು ನೋಡುವವರು ಹೊರಗೇ ಉಳಿಯುತ್ತಾರೆ.

ನನ್ನ ಕ್ಲಾಸಿನಲ್ಲೇ ಕಂಡದ್ದು ಹೇಳುತ್ತೇನೆ. ಮೂರು ಹುಡುಗರು ಮರದ ತುಂಡುಗಳಲ್ಲಿ ಸೇತುವೆ ಕಟ್ಟುತ್ತಿದ್ದರು. ನಾಲ್ಕನೆಯವನು ಬಂದು "ನಮ್ಮನೇಲಿ ಇದಕ್ಕಿಂತ ದೊಡ್ಡದು ಇದೆ" ಅಂದ. ಮೂವರೂ ಬೆನ್ನು ತಿರುಗಿಸಿದರು. ಅವನ ಮುಖ ಇಷ್ಟು ಸಣ್ಣದಾಯಿತು. ಜಂಬ ಕೊಚ್ಚಿಕೊಳ್ಳುವುದು ಅವನ ಉದ್ದೇಶ ಆಗಿರಲಿಲ್ಲ, ಮಾತು ಶುರು ಮಾಡಲು ಅವನಿಗೆ ಅದೊಂದೇ ಗೊತ್ತಿತ್ತು. ಮಾರನೇ ದಿನ ಅವನನ್ನು ಪಕ್ಕಕ್ಕೆ ಕರೆದು, ಮೊದಲು ಸುಮ್ನೆ ನೋಡು, ಅವರಿಗೆ ಏನು ಬೇಕಾಗಿದೆ ಅಂತ ಹುಡುಕು, ಅದನ್ನು ಕೊಡು ಅಂದೆ. ಹೋಗಿ ಎರಡು ನಿಮಿಷ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಸೇತುವೆಯ ಒಂದು ಕಾಲು ಅಲ್ಲಾಡುತ್ತಿತ್ತು. ಮಾತಾಡದೆ ಒಂದು ಚಪ್ಪಟೆ ತುಂಡು ತಂದು ಅದರ ಕೆಳಗೆ ತುರುಕಿದ. "ಏ, ಇನ್ನೊಂದು ತಾರೋ" ಅಂದ ಒಬ್ಬ. ಸೇರಿಕೊಂಡಾಯಿತು.

ನೋಡು, ಹತ್ತಿರ ನಿಲ್ಲು, ಅವರು ಮಾಡುತ್ತಿರುವುದನ್ನೇ ಮಾಡು, ಆಮೇಲೆ ಆಟಕ್ಕೆ ಉಪಯೋಗ ಆಗುವ ಒಂದು ಮಾತು ಹೇಳು. ಮಗಳಿಗೆ ಇಷ್ಟು ಕಲಿಸಿ. ಮೂರ್ನಾಲ್ಕು ಜನರ ಗುಂಪಿಗಿಂತ, ಅವಳ ಹಾಗೆಯೇ ಒಬ್ಬಳೇ ನಿಂತಿರುವ ಇನ್ನೊಂದು ಮಗುವಿನ ಹತ್ತಿರ ಹೋಗುವುದು ಇನ್ನೂ ಸುಲಭ.

ಪ್ರಶ್ನೆ (ಅದೇ ತಾಯಿ):
ಟೀಚರ್ ಒಂದು ಸಲ "ಇವಳನ್ನೂ ಸೇರಿಸ್ಕೊಳ್ಳಿ" ಅಂತ ಗದರಿದ್ದರಂತೆ, ಅದಾದ ಮೇಲೆ ಇನ್ನೂ ಜಾಸ್ತಿ ಆಯಿತು. ಮನೆಯಲ್ಲಿ ಇದನ್ನು ಹೇಗೆ ಹೇಳಿಕೊಡಲಿ? ಬಂದ ತಕ್ಷಣ "ಇವತ್ತು ಯಾರ ಜೊತೆ ಆಡಿದೆ?" ಅಂತ ಕೇಳಿಬಿಡುತ್ತೇನೆ, ತಡೆಯೋಕೇ ಆಗಲ್ಲ.

ಉತ್ತರ:
ಗದರಿ ಸೇರಿಸಿದರೆ ಮಗು ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನೋ ಹಾಗೆ ಆಗುತ್ತೆ. ಚೆಂಡು ಅವಳ ಕಡೆ ಬರುವುದೇ ಇಲ್ಲ. ಅದರ ಬದಲು ಟೀಚರ್ ಹತ್ತಿರ ಒಂದು ಸಣ್ಣ ಸಹಾಯ ಕೇಳಿ. ದಿನಾ ಐದು ನಿಮಿಷದ ಒಂದು ಕೆಲಸಕ್ಕೆ, ಪುಸ್ತಕ ಹಂಚುವುದೋ ಗಿಡಕ್ಕೆ ನೀರು ಹಾಕುವುದೋ, ಮೃದು ಸ್ವಭಾವದ ಇನ್ನೊಂದು ಮಗುವಿನ ಜೊತೆ ಇವಳನ್ನು ಜೋಡಿ ಮಾಡಿ ಅನ್ನಿ. ಎರಡು ಮೂರು ವಾರ ಅದೇ ಜೋಡಿ ಇರಲಿ. ಕೈಯಲ್ಲಿ ಕೆಲಸ ಇದ್ದರೆ ನಾಚಿಕೆಯ ಮಕ್ಕಳಿಗೆ ಮಾತು ತಾನಾಗೇ ಬರುತ್ತೆ, ಇದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಮನೆಯಲ್ಲಿ ಗೊಂಬೆಗಳನ್ನು ಇಟ್ಟುಕೊಂಡು ಆಡಿ. ಎರಡು ಗೊಂಬೆ ಆಡುತ್ತಿವೆ, ಮೂರನೆಯದು ಬರಬೇಕು. ಮೊದಲು ಆ ಮೂರನೆಯದು ನೀವಾಗಿ, ಬೇಕಂತಲೇ ತಪ್ಪು ಮಾಡಿ. ಅವಳೇ ನಗುತ್ತಾ "ಹಂಗಲ್ಲ ಅಮ್ಮ" ಅಂತ ತಿದ್ದುತ್ತಾಳೆ. "ಬೇಡ ಹೋಗು" ಅನ್ನಿಸಿಕೊಳ್ಳುವುದನ್ನೂ ಆಡಿಸಿ, ಅದನ್ನು ಮಾತ್ರ ಬಿಡಬೇಡಿ. ಬೇಡ ಅಂದಾಗ "ಸರಿ, ಮುಂದಿನ ಆಟಕ್ಕೆ ಬರ್ತೀನಿ" ಅನ್ನೋ ಒಂದು ವಾಕ್ಯ ಬಾಯಲ್ಲಿ ಸಿದ್ಧ ಇದ್ದರೆ ಅಳು ಅರ್ಧ ಕಡಿಮೆ ಆಗುತ್ತೆ.

ಯಾರ ಜೊತೆ ಆಡಿದೆ ಅನ್ನೋ ಪ್ರಶ್ನೆ ಒಂದು ತಿಂಗಳು ನಿಲ್ಲಿಸಿ, ದಯವಿಟ್ಟು. ಅವಳಿಗೆ ಅದು ದಿನಾ ಪರೀಕ್ಷೆ, ದಿನಾ ಫೇಲ್. "ಇವತ್ತು ಕ್ಲಾಸಲ್ಲಿ ನಗು ಬಂದದ್ದು ಯಾವಾಗ?" ಅಂತ ಕೇಳಿ ನೋಡಿ.

ಪ್ರಶ್ನೆ (ಒಂದನೇ ಕ್ಲಾಸಿನ ಹುಡುಗನ ತಂದೆ):
ನಮ್ಮದು ಉಲ್ಟಾ ಮೇಡಂ. ಇವನಿಗೆ ಒಬ್ಬನೇ ಫ್ರೆಂಡ್, ಅವನು ವಾರಕ್ಕೆ ಮೂರು ಸಲ ಟೂ ಬಿಡುತ್ತಾನೆ. ಆಗೆಲ್ಲ ಇವನು ರಾತ್ರಿ ಊಟಾನೂ ಮಾಡಲ್ಲ. ಆ ಹುಡುಗನ ಅಪ್ಪ ಅಮ್ಮನ ಹತ್ತಿರ ಮಾತಾಡಬೇಕಾ?

ಉತ್ತರ:
ಈಗಲೇ ಬೇಡ ಸರ್. ಆರು ವರ್ಷದ ಮಕ್ಕಳಿಗೆ ಈ ಹೊತ್ತು ಜೊತೆಯಲ್ಲಿ ಆಡುವವನೇ ಫ್ರೆಂಡ್. "ನೀನು ನನ್ನ ಫ್ರೆಂಡ್ ಅಲ್ಲ" ಅಂದರೆ ಹೆಚ್ಚಿನ ಸಲ "ನನಗೆ ಈಗ ಸಿಟ್ಟು ಬಂದಿದೆ" ಅಂತಲೇ ಅರ್ಥ. ದೊಡ್ಡವರು ಪಂಚಾಯಿತಿಗೆ ಕೂರುವಷ್ಟರಲ್ಲಿ ಅವರಿಬ್ಬರೂ ಒಂದಾಗಿರುತ್ತಾರೆ. ಆದರೆ ನಿಮ್ಮ ಮಗನ ನೋವು ನಿಜವಾದದ್ದು, "ಅಷ್ಟಕ್ಕೆಲ್ಲ ಅಳ್ತಾರಾ" ಅನ್ನಬೇಡಿ. ಪಕ್ಕ ಕೂತು ಕೇಳಿಸಿಕೊಳ್ಳಿ. ಎರಡನೇ ಫ್ರೆಂಡ್ ಒಬ್ಬ ಇದ್ದರೆ ಈ ಟೂ ಇಷ್ಟು ನೋಯಿಸುವುದಿಲ್ಲ, ಅದಕ್ಕೆ ಇನ್ನೊಂದು ಮಗುವನ್ನು ಆಡಲು ಮನೆಗೆ ಕರೆಯಿರಿ. ಒಂದೇ ಮಗು ಸಾಕು, ಒಂದು ಗಂಟೆ ಸಾಕು.

ಆದರೆ ಒಂದೇ ಮಗು ಇವನನ್ನೇ ಗುರಿ ಮಾಡಿ ಮತ್ತೆ ಮತ್ತೆ ಹೆದರಿಸುತ್ತಿದ್ದರೆ, ಇವನಿಗೆ ಎದುರು ಮಾತಾಡಲೂ ಆಗುತ್ತಿಲ್ಲ ಅಂದರೆ, ಅದು ಜಗಳ ಅಲ್ಲ, ಕಾಟ. ಆಗ ಅದೇ ದಿನ ಟೀಚರ್‌ಗೆ ತಿಳಿಸಿ.

ಪ್ರಶ್ನೆ (ಮೂರನೇ ಕ್ಲಾಸಿನ ಹುಡುಗನ ತಾಯಿ):
ಮಗ ಪಾಠದಲ್ಲಿ ಚುರುಕು. ಟೀಚರ್ ಯಾವಾಗಲೂ ಓದು ನಿಧಾನವಾಗಿರುವ ಹುಡುಗನ ಜೊತೆ ಕೂರಿಸುತ್ತಾರೆ. ಫ್ರೆಂಡ್‌ಶಿಪ್ ಎಲ್ಲ ಸರಿ, ಇವನ ಕಲಿಕೆ ಹಿಂದೆ ಬೀಳಲ್ವಾ?

ಉತ್ತರ:
ನೀವು ಕೇಳಿದ್ದು ನ್ಯಾಯವಾಗಿದೆ. ಗೊತ್ತಿರುವುದನ್ನು ಇನ್ನೊಬ್ಬರಿಗೆ ಅರ್ಥ ಆಗುವ ಹಾಗೆ ಹೇಳಬೇಕಾದರೆ ಮಗು ಅದನ್ನು ತಲೆಯಲ್ಲಿ ಮತ್ತೆ ಜೋಡಿಸಿಕೊಳ್ಳಬೇಕು, ತನಗೆಲ್ಲಿ ಅರ್ಧಂಬರ್ಧ ಗೊತ್ತು ಅನ್ನೋದು ಅಲ್ಲೇ ಬಯಲಾಗುತ್ತೆ. ಫ್ರಾಂಕ್ ಲೈಮನ್ ಅನ್ನೋ ಅಮೆರಿಕದ ಶಿಕ್ಷಣತಜ್ಞ 1981ರಲ್ಲಿ ಹೇಳಿದ ಒಂದು ವಿಧಾನವನ್ನು ನಾನು ದಿನಾ ಬಳಸುತ್ತೇನೆ. ಪ್ರಶ್ನೆ ಕೇಳಿದ ಮೇಲೆ ಮೊದಲು ಒಬ್ಬೊಬ್ಬರೇ ಯೋಚಿಸುವುದು, ಆಮೇಲೆ ಪಕ್ಕದವರ ಜೊತೆ ಮಾತಾಡುವುದು, ಕೊನೆಗೆ ಇಡೀ ಕ್ಲಾಸಿಗೆ ಹೇಳುವುದು. ಕೈಯೇ ಎತ್ತದ ಮಕ್ಕಳು ಪಕ್ಕದವರ ಹತ್ತಿರ ಒಂದು ಸಲ ಹೇಳಿ ನೋಡಿದ ಮೇಲೆ ಎದ್ದು ನಿಂತು ಹೇಳುತ್ತಾರೆ. ನಾವು ಟೀಚರ್‌ಗಳು ಉತ್ತರಕ್ಕೆ ಕಾಯುವುದೇ ಕಡಿಮೆ. ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಅಳೆದು ನೋಡಿದಾಗ ಹೆಚ್ಚಿನವರು ಒಂದು ಸೆಕೆಂಡ್ ಕೂಡ ಕಾಯುತ್ತಿರಲಿಲ್ಲ. ಮೂರು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ.

ಆದರೆ ವರ್ಷವಿಡೀ ಒಂದೇ ಜೋಡಿ ಅನ್ನುವುದು ನನಗೂ ಸರಿ ಕಾಣುವುದಿಲ್ಲ. ಒಬ್ಬ ಯಾವಾಗಲೂ ಕೊಡುವವನು, ಇನ್ನೊಬ್ಬ ಯಾವಾಗಲೂ ತೆಗೆದುಕೊಳ್ಳುವವನು ಆದರೆ ಅಲ್ಲಿ ಸ್ನೇಹ ಬೆಳೆಯಲ್ಲ. ಆ ಹುಡುಗ ಚಿತ್ರ ಬರೆಯುವುದರಲ್ಲೋ, ಏನಾದರೂ ಬಿಚ್ಚಿ ಜೋಡಿಸುವುದರಲ್ಲೋ ಮುಂದಿರಬಹುದು. ಅಂಥ ಕೆಲಸವನ್ನೂ ಇಬ್ಬರಿಗೂ ಸೇರಿಸಿ ಕೊಡಿ ಅಂತ ಟೀಚರ್‌ಗೆ ಹೇಳಿ, ಮೂರು ನಾಲ್ಕು ವಾರಕ್ಕೆ ಜೋಡಿ ಬದಲಿಸಲೂ ಕೇಳಿ.

ಮೊದಲ ಪ್ರಶ್ನೆ ಕೇಳಿದ ತಾಯಿಗೆ ಇನ್ನೊಂದು ಮಾತು, ಆಗಲೇ ಹೇಳಬೇಕಿತ್ತು. ಮಗಳು ಗಲಾಟೆಯ ಜಾಗದಲ್ಲಿ ಕರೆದರೆ ತಿರುಗಿ ನೋಡದಿದ್ದರೆ, ಮಾತು ಮಾತಿಗೂ "ಏನು?" ಅನ್ನುತ್ತಿದ್ದರೆ, ಕಿವಿ ಒಮ್ಮೆ ತೋರಿಸಿ. ಸರಿಯಾಗಿ ಕೇಳಿಸದ ಮಗು ಗುಂಪಿನ ಆಟದಿಂದ ದೂರ ನಿಲ್ಲುತ್ತೆ, ನಾವು ಅದನ್ನು ನಾಚಿಕೆ ಅಂದುಕೊಳ್ಳುತ್ತೇವೆ.

ಮೊದಲ ತಾಯಿ:
ಹೌದು ಮೇಡಂ, ಟಿವಿ ಸೌಂಡ್ ಜಾಸ್ತಿ ಇಡುತ್ತಾಳೆ, ನಾನು ಬೈದು ಕಡಿಮೆ ಮಾಡಿಸುತ್ತಿದ್ದೆ. ಈ ವಾರವೇ ತೋರಿಸುತ್ತೇನೆ. ಗೊಂಬೆ ಆಟ ಇವತ್ತಿಂದಲೇ ಶುರು.