ಪದಚರ್ಚೆ: ಸೆಟ್ಲರ್, ಇಮಿಗ್ರಂಟ್, ಕೂಲಿ – ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕೆನಡಾದ ಪಡುವಣ ಕರಾವಳಿಯ ಬ್ರಿಟಿಷ್ ಕೊಲಂಬಿಯಾಕ್ಕೆ ಏಷ್ಯಾ ಮತ್ತು ಯೂರೋಪಿನಿಂದ ವಲಸೆ ಬಂದವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಅಲ್ಲಿನ ಹಳೆಯ ಇಂಗ್ಲಿಷ್ ಬರಹಗಳಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ನಾರ್ವೆ ಕಡೆಯವರು ‘ಸೆಟ್ಲರ್’ಗಳು, ಅಂದರೆ ನೆಲೆಸಲು ಬಂದವರು. ಚೀನಾ, ಜಪಾನ್, ಪಂಜಾಬಿನವರು ‘ಇಮಿಗ್ರಂಟ್’ಗಳು, ಅಂದರೆ ಹೊರಗಿನಿಂದ ವಲಸೆ ಬಂದವರು, ಇಲ್ಲವೇ ಬರೀ ‘ಲೇಬರರ್’ಗಳು. ಯಾರು ಮೊದಲು ಬಂದರು ಅನ್ನುವುದಕ್ಕೂ ಈ ಹೆಸರುಗಳಿಗೂ ಸಂಬಂಧವೇ ಇಲ್ಲ. 1858ರಲ್ಲಿ ಫ್ರೇಸರ್ ನದಿಯಲ್ಲಿ ಚಿನ್ನ ಸಿಕ್ಕಿದೆ ಎಂಬ ಸುದ್ದಿ ಹಬ್ಬಿತು. ಕ್ಯಾಲಿಫೋರ್ನಿಯಾದಿಂದ ಹೊರಟು ಬಂದವರಲ್ಲಿ ಬಿಳಿಯರೂ ಇದ್ದರು, ಚೀನೀಯರೂ ಇದ್ದರು. ನಾರ್ವೆಯವರು ಬೆಲ್ಲಾ ಕೂಲಾ ಕಣಿವೆಯಲ್ಲಿ ನೆಲೆಸಲು ಬಂದದ್ದು 1894ರಲ್ಲಿ. ಆದರೂ ಸೆಟ್ಲರ್ ಅನ್ನಿಸಿಕೊಂಡವರು ನಾರ್ವೆಯವರೇ.

ಇದರಲ್ಲಿ ಕಾನೂನಿನ ಕೈವಾಡವೂ ಇದೆ. ಸರ್ಕಾರಿ ಜಮೀನಿನಲ್ಲಿ 160 ಎಕರೆ ಗುರುತು ಮಾಡಿಕೊಂಡು, ಅಲ್ಲೇ ಇದ್ದು ಸಾಗುವಳಿ ಮಾಡಿದರೆ ಅಗ್ಗದ ಬೆಲೆಗೆ ಅದು ಸಿಗುತ್ತಿತ್ತು. 1884ರಲ್ಲಿ ಚೀನೀಯರಿಗೆ ಸರ್ಕಾರಿ ಜಮೀನು ಸಿಗದಂತೆ ಕಾಯ್ದೆ ಮಾಡಿದರು. ಮೂಲನಿವಾಸಿಗಳಿಗಂತೂ 1866ರಲ್ಲೇ ಗವರ್ನರ್ ಬರೆದುಕೊಟ್ಟ ಒಪ್ಪಿಗೆ ಇಲ್ಲದೆ ಹೀಗೆ ಜಮೀನು ಹಿಡಿಯುವಂತಿರಲಿಲ್ಲ. ಅದೂ ತಮ್ಮದೇ ನೆಲದಲ್ಲಿ. ಚೀನೀಯರಂತೆ ನೆಲೆಯೂರಲು ಬಿಡದೇ ಇದ್ದವರನ್ನು ‘ಇವರು ನೆಲೆಸಲು ಬಂದವರಲ್ಲ’ ಅನ್ನುವುದು ಅನ್ಯಾಯ ಅಲ್ವಾ?

ಹಾಗಾಗಿ ಕನ್ನಡದಲ್ಲಿ ಏಷ್ಯಾದವರು, ಯೂರೋಪಿನವರು ಇಬ್ಬರಿಗೂ ‘ವಲಸೆಗಾರರು’ ಎಂದೇ ಬರೆಯಬೇಕೆಂದಿದ್ದೇನೆ. ಬಂದು ಅಲ್ಲಿಯೇ ಬೇರು ಬಿಟ್ಟವರಿಗೆ, ಅವರು ಯಾವ ಖಂಡದವರೇ ಆಗಲಿ, ‘ಒಕ್ಕಲು’ ಅನ್ನಬಹುದೇ? ‘ಸೆಟ್ಲರ್’ಗೆ ‘ನೆಲಸಿಗ’ ಅನ್ನುವುದು ನನ್ನ ಕಿವಿಗೆ ಕೃತಕ ಅನ್ನಿಸುತ್ತದೆ. ಒಕ್ಕಲು ಎಂದರೆ ಮನೆ, ಸಂಸಾರ, ಬೇಸಾಯ ಎಲ್ಲವೂ ಬಂತು. ನಮ್ಮ ಕರಾವಳಿಯವರು ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಅನ್ನುತ್ತಾರೆ. ಇನ್ನೊಂದು ಅನುಕೂಲ ‘ಒಕ್ಕಲೆಬ್ಬಿಸು’ ಅನ್ನುವ ಪದದಲ್ಲಿದೆ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಜಪಾನಿ ಮೂಲದ ಸುಮಾರು 21,000 ಜನರನ್ನು ಕರಾವಳಿಯಿಂದ 100 ಮೈಲಿ ಆಚೆಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಕೆನಡಾದಲ್ಲೇ ಹುಟ್ಟಿದವರು. ಅವರ ಮೀನುದೋಣಿ, ಮನೆ, ಹೊಲಗಳನ್ನು ಸರ್ಕಾರವೇ ಮಾರಿತು. ಕರಾವಳಿಗೆ ಮರಳಲು 1949ರವರೆಗೂ ಬಿಡಲಿಲ್ಲ. ಇದಕ್ಕೆ ‘ಸ್ಥಳಾಂತರ’ ಅನ್ನುವುದು ತೀರಾ ಸಪ್ಪೆ. ಒಕ್ಕಲೆಬ್ಬಿಸಿದರು ಅಂದರೆ, ಅವರು ಅಲ್ಲಿ ಒಕ್ಕಲಾಗಿದ್ದರು ಅನ್ನುವುದೂ ಅದರಲ್ಲೇ ಬರುತ್ತದೆ.

ನನಗಿರುವ ಅಳುಕು ಒಂದೇ. ಒಕ್ಕಲು ಅಂದ ಕೂಡಲೇ ಹಲವರಿಗೆ ಧಣಿಗೆ ಗೇಣಿ ಕೊಡುವ ರೈತ ನೆನಪಾಗುತ್ತಾನೆ. ನಿಮ್ಮ ಕಡೆ ಈ ಅರ್ಥ ಎಷ್ಟು ಗಟ್ಟಿಯಾಗಿದೆ ತಿಳಿಸಿ. ರಷ್ಯಾದಿಂದ ಬಂದ ದುಖೊಬೋರ್ ಎಂಬ ಕ್ರೈಸ್ತ ಪಂಗಡದವರು 1908ರಿಂದ ಕೂಟನೇ ಸೀಮೆಯಲ್ಲಿ ಸಮುದಾಯದ ಹೆಸರಲ್ಲಿ ಜಮೀನು ಕೊಂಡು, ಹಣ್ಣಿನ ತೋಟ ಬೆಳೆಸಿ ಒಟ್ಟಾಗಿ ಬಾಳಿದರು. ಅವರಿಗೆ ಈ ಪದ ಒಪ್ಪುತ್ತದೆ ಅಂತ ನನ್ನ ಅನಿಸಿಕೆ. (ಯೂರೋಪಿನವರಾದರೂ 1930ರ ದಶಕದಲ್ಲಿ ಅವರ ಮತದ ಹಕ್ಕನ್ನೂ ಕಿತ್ತುಕೊಂಡಿದ್ದರು.)

‘ಕೂಲಿ’ ಪದದ್ದು ಬೇರೆಯೇ ತೊಡಕು. ಕೆನಡಿಯನ್ ಪೆಸಿಫಿಕ್ ರೈಲುದಾರಿಯ ಪಡುವಣ ಭಾಗದಲ್ಲಿ 1880ರ ದಶಕದ ಮೊದಲ ವರ್ಷಗಳಲ್ಲಿ 15,000ದಷ್ಟು ಚೀನೀಯರು ದುಡಿದರು. ಬಂಡೆ ಸಿಡಿಸುವ ಅಪಾಯದ ಕೆಲಸಕ್ಕೆ ದಿನಕ್ಕೆ ಒಂದು ಡಾಲರ್, ಬಿಳಿಯರಿಗಿಂತ ತೀರಾ ಕಡಿಮೆ. ಅಲ್ಲಿ ಅವರನ್ನು ‘ಕೂಲಿ’ ಅನ್ನುತ್ತಿದ್ದದ್ದು ಬೈಗುಳವಾಗಿ. ನಮ್ಮಲ್ಲಿ ಕೂಲಿನಾಲಿ ಮಾಡಿ ಮಕ್ಕಳನ್ನು ಓದಿಸಿದೆ ಅಂತ ತಾಯಂದಿರು ಹೆಮ್ಮೆಯಿಂದ ಹೇಳುತ್ತಾರೆ. ಹಾಗಾಗಿ ಆ ಪದವನ್ನು ಇದ್ದ ಹಾಗೇ ಬರೆದರೆ ಅದರ ವಿಷ ನಮ್ಮ ಓದುಗರಿಗೆ ಮುಟ್ಟುವುದೇ ಇಲ್ಲ. ನನ್ನ ಮಾತಿನಲ್ಲಿ ‘ಕೆಲಸಗಾರರು’ ಎಂದೂ, ಬೈಗುಳ ಬಂದ ಕಡೆ ‘ಕೂಲಿ ಎಂದು ಹೀಯಾಳಿಸಿದರು’ ಎಂದೂ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯ ದಾರಿ ಇದೆಯೇ?

ರೈಲುದಾರಿ ಮುಗಿದ 1885ರಲ್ಲೇ ಬಂದ ‘ಹೆಡ್ ಟ್ಯಾಕ್ಸ್’ಗೆ ‘ತಲೆಗಂದಾಯ’ ಅನ್ನುವುದು ಸುಲಭ. ಆದರೆ ತಲೆಗಂದಾಯ ಊರಲ್ಲಿರುವವರು ಕಟ್ಟುವಂಥದ್ದು. ಇದು ದೇಶದ ಒಳಗೆ ಬರುವಾಗಲೇ ಬಹುಪಾಲು ಚೀನೀಯರು ಕಟ್ಟಬೇಕಿದ್ದ ಹಣ. ಮೊದಲು 50 ಡಾಲರ್ ಇದ್ದದ್ದು 1903ರ ಹೊತ್ತಿಗೆ 500 ಡಾಲರ್ ಆಯಿತು. ಬಡವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಆಗದ ಮಾತಾಯಿತು. ‘ತಲೆಸುಂಕ’ ಅಂದರೆ ಹೇಗೆ? ಸುಂಕ ಅಂದರೆ ಕಟ್ಟೆಯಲ್ಲಿ ಸರಕಿನ ಮೇಲೆ ಹಾಕುವುದು ಅಂತ ಎಲ್ಲರಿಗೂ ಗೊತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಅನ್ನುವ ಗಾದೆಯೂ ಇದೆ. ನನಗಂತೂ ಇದು ಹಿಡಿಸಿದೆ.

‘ಫ್ರಾಂಟಿಯರ್’ಗೆ (ವಲಸೆ ಬಂದವರು ಹೊಸದಾಗಿ ನೆಲೆಯೂರುತ್ತಿದ್ದ ಅಂಚಿನ ಸೀಮೆಗೆ) ‘ಗಡಿನಾಡು’ ಬೇಡ ಅಂತ ಬಿಟ್ಟಿದ್ದೇನೆ. ನಮಗದು ಕಾಸರಗೋಡು, ಬೆಳಗಾವಿ. ‘ಕಾಡು ಕಡಿದು ನಾಡು ಮಾಡಿದರು’ ಅನ್ನುವುದನ್ನೂ ಬರೆಯಲಾರೆ. ಮೂಲನಿವಾಸಿಗಳಿಗೆ ಅದು ಮೊದಲಿಂದಲೂ ನಾಡೇ ಆಗಿತ್ತು. ಸದ್ಯಕ್ಕೆ ಊರು, ನದಿ, ಕಣಿವೆಗಳ ಹೆಸರು ಹೇಳಿಯೇ ಮುಂದೆ ಸಾಗಿದ್ದೇನೆ.

ಕೊನೆಯದು ‘ಹಿಂದೂ’. 1914ರಲ್ಲಿ ವ್ಯಾಂಕೂವರಿಗೆ ಬಂದ ಕೊಮಗಾಟ ಮಾರು ಹಡಗಿನಲ್ಲಿ ಇಂಡಿಯಾದ 376 ಜನರಿದ್ದರು. 340 ಸಿಖ್ಖರು, 24 ಮುಸ್ಲಿಮರು, 12 ಹಿಂದೂಗಳು. ಅಲ್ಲಿನ ಪತ್ರಿಕೆಗಳು ಇವರೆಲ್ಲರನ್ನೂ ‘ಹಿಂದೂ’ ಅಂದವು. ಎರಡು ತಿಂಗಳು ಹಡಗಿನಲ್ಲೇ ತಡೆದಿಟ್ಟು, ಬಹುಪಾಲು ಎಲ್ಲರನ್ನೂ ಹಿಂದಕ್ಕೆ ಕಳಿಸಿದರು. ಆ ಪತ್ರಿಕೆಗಳ ಮಾತನ್ನು ಅನುವಾದಿಸುವಾಗ ‘ಹಿಂದೂಗಳು’ ಅಂದರೆ ಓದುಗರು ಧರ್ಮ ಅಂದುಕೊಳ್ಳುತ್ತಾರೆ. ‘ಇಂಡಿಯಾದವರು’ ಅಂದರೆ ಆ ಕಾಲದ ಅಸಡ್ಡೆ ಮರೆಯಾಗುತ್ತದೆ. ‘ಹಿಂದೂಸ್ಥಾನದವರು’ ಅಂದರೆ ನಡೆದೀತೇ?